ನೊರೆಯಾಚೆಯ ನೀರಿಗೆ ದಾರಿ

ಅಲೆಯ ಮೇಲೆ ಹೊಟ್ಟೆಯೂರಿ ಮಲಗಿ ಜಾರುವ ಬಾಡಿಬೋರ್ಡಿಂಗ್ ಕ್ರೀಡೆಯಲ್ಲಿ ಹೊಸಬರ ಶಕ್ತಿಯೆಲ್ಲ ಸಾಮಾನ್ಯವಾಗಿ ಮೊದಲ ಅಲೆಯನ್ನು ಹಿಡಿಯುವ ಮುನ್ನವೇ ತೀರಿಹೋಗುತ್ತದೆ. ದಡದಿಂದ ಹೊರಟವರು ಅಲೆಗಳು ಒಡೆಯುವ ಪಟ್ಟಿಯನ್ನು ದಾಟಿ, ಅವು ಇನ್ನೂ ಒಡೆಯದೆ ಏರಿಳಿಯುತ್ತಿರುವ ನೀರನ್ನು ತಲುಪಬೇಕು. ಆದರೆ ಒಂದು ನೊರೆಯಲೆ ಹಿಂದಕ್ಕೆ ತಳ್ಳಿದ್ದರಿಂದ ಚೇತರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಬಂದೆರಗಿ, ಎಷ್ಟು ಹೊತ್ತು ಸೆಣಸಿದರೂ ಹೊರಟ ಜಾಗದಲ್ಲೇ ಉಳಿಯುವುದು ಕಲಿಕೆಯ ಆರಂಭದಲ್ಲಿ ತೀರ ಸಹಜ. ಇದನ್ನು ತೋಳ್ಬಲದ ಕೊರತೆಯೆಂದು ಎಣಿಸುವವರು ಹೆಚ್ಚು. ಆದರೆ ದಡಕ್ಕೆ ಬಂದ ನೀರು ಯಾವ ಹೊತ್ತಿನಲ್ಲಿ, ಯಾವ ದಾರಿಯಿಂದ ಹಿಂತಿರುಗುತ್ತದೆ ಎಂಬುದನ್ನು ಗುರುತಿಸಲಾಗದಿರುವುದೇ ಬಹಳ ಸಲ ನಿಜವಾದ ಕಾರಣ.

ಈ ಕ್ರೀಡೆಯ ಬೇರು ಹವಾಯಿ ದ್ವೀಪಗಳಲ್ಲಿದೆ. ಅಲ್ಲಿನ ಮೂಲನಿವಾಸಿಗಳು ಪೈಪೊ ಎಂಬ ಗಿಡ್ಡ ಮರದ ಹಲಗೆಯ ಮೇಲೆ ಮಲಗಿ ಅಲೆಯೇರುತ್ತಿದ್ದರು. 1971ರಲ್ಲಿ ಟಾಮ್ ಮೋರೆ ಎಂಬವರು ಹವಾಯಿಯಲ್ಲೇ ಪಾಲಿಥಿಲೀನ್ ಫೋಮಿನ ತುಂಡೊಂದನ್ನು ಕತ್ತರಿಸಿ, ಇಸ್ತ್ರಿಪೆಟ್ಟಿಗೆಯ ಕಾವಿನಿಂದ ಅದರ ಮೈಯನ್ನು ನಯಗೊಳಿಸಿ, ಇಂದಿನ ಬಾಡಿಬೋರ್ಡಿನ ಮೊದಲ ರೂಪವನ್ನು ಸಿದ್ಧಪಡಿಸಿದರು. ಸುಮಾರು ಒಂದು ಮೀಟರ್ ಉದ್ದದ, ಮೆದುವಾದ ಈ ಹಲಗೆ ಗಿಡ್ಡವಾಗಿರುವುದರಿಂದ ಸರ್ಫ್‌ಬೋರ್ಡಿನಂತೆ ಕೈಬೀಸಿನಿಂದಲೇ ವೇಗವಾಗಿ ಸಾಗದು. ಹೀಗಾಗಿ ಪಾದಕ್ಕೆ ಧರಿಸುವ ರಬ್ಬರಿನ ಈಜುರೆಕ್ಕೆಗಳು, ಅಂದರೆ ಫಿನ್‌ಗಳು, ಇಲ್ಲಿ ಎಂಜಿನ್ನಿನ ಕೆಲಸ ಮಾಡುತ್ತವೆ.

ಅಲೆ ಒಡೆಯುವ ಜಾಗವನ್ನು ನಿರ್ಧರಿಸುವುದು ಮುಖ್ಯವಾಗಿ ನೀರಿನ ಆಳ. ಆಳದ ಕಡಲಿನಿಂದ ಬಂದ ಅಲೆ ಮೇಲೇರುತ್ತಿರುವ ತಳದ ಪ್ರಭಾವಕ್ಕೆ ಸಿಕ್ಕಿ ನಿಧಾನವಾಗಿ, ಎತ್ತರವಾಗಿ, ನೀರಿನ ಆಳವು ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಮುಂದಕ್ಕೆ ಮಗುಚುತ್ತದೆ. ಇದರಂತೆ ಒಂದು ಮೀಟರಿನ ಅಲೆ ವಯಸ್ಕರ ಎದೆಮಟ್ಟದ ನೀರಿನಲ್ಲೇ ಒಡೆಯುತ್ತದೆ. ಅಲೆಯ ಶಕ್ತಿಯು ಎತ್ತರದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ ಎರಡು ಮೀಟರಿನ ಅಲೆ ಒಂದು ಮೀಟರಿನದಕ್ಕಿಂತ ನಾಲ್ಕು ಪಟ್ಟು ಶಕ್ತಿಯದಾಗಿರುತ್ತದೆ. ಆದ್ದರಿಂದ ಸೊಂಟದ ಎತ್ತರವನ್ನು ಮೀರದ ಅಲೆಗಳಿರುವ ದಿನಗಳೇ ಕಲಿಯುವವರಿಗೆ ತಕ್ಕವು.

ದಾಟುವುದಕ್ಕೆ ಹೊತ್ತನ್ನು ಆರಿಸುವುದು ಮೊದಲ ಪಾಠ. ದೂರದ ಗಾಳಿಯಿಂದ ಹುಟ್ಟಿದ ಅಲೆಗಳು ಒಂದೇ ಸಮನೆ ಬರದೆ ಗುಂಪುಗೂಡಿ ಬರುತ್ತವೆ; ಸೆಟ್ ಎಂದು ಕರೆಯುವ ಈ ಗುಂಪಿನ ಕೆಲವು ದೊಡ್ಡ ಅಲೆಗಳು ಮುಗಿದ ಮೇಲೆ ಸ್ವಲ್ಪ ಹೊತ್ತು ಕಡಲು ತಣ್ಣಗಾಗುತ್ತದೆ. ದಡದಲ್ಲಿ ಕಾಲುಗಂಟೆ ನಿಂತು, ಎರಡು ಗುಂಪುಗಳ ನಡುವಿನ ಬಿಡುವನ್ನು ಎಣಿಸಿ, ಕೊನೆಯ ದೊಡ್ಡ ಅಲೆ ಒಡೆದೊಡನೆ ಹೊರಡುವವರಿಗೆ ಅರ್ಧ ಶ್ರಮ ಉಳಿಯುತ್ತದೆ.

ಎರಡನೆಯದು ಜಾಗದ ಆಯ್ಕೆ. ಅಲೆಗಳು ದಡಕ್ಕೆ ತಂದು ಪೇರಿಸಿದ ನೀರು ಮರಳ ದಿಬ್ಬಗಳ ನಡುವಿನ ಆಳವಾದ ಕಾಲುವೆಯಂಥ ತಗ್ಗಿನ ಮೂಲಕ ಕಡಲಿಗೆ ಮರಳುತ್ತದೆ; ಆಳ ಹೆಚ್ಚಿರುವುದರಿಂದ ಅಲ್ಲಿ ಅಲೆಗಳು ಒಡೆಯುವುದು ಕಡಿಮೆ, ನೊರೆಯೂ ವಿರಳ, ನೀರಿನ ಬಣ್ಣ ಮಾತ್ರ ತುಸು ಗಾಢ. ಹವಳದ ದಿಬ್ಬಗಳಿರುವ ಹವಾಯಿಯ ತೀರಗಳಲ್ಲಿ ಇಂಥ ದಾರಿಗಳು ವರ್ಷಗಟ್ಟಲೆ ಕದಲದೆ ಇರಬಹುದು. ಆದರೆ ಸರ್ಫಿಂಗ್ ಬೇರೂರಿರುವ ಮೂಲ್ಕಿ, ಸಸಿಹಿತ್ಲುಗಳಂಥ ಕರಾವಳಿ ಕರ್ನಾಟಕದ ಮರಳ ತೀರಗಳಲ್ಲಿ ಮಳೆಗಾಲದ ಕಡಲು ದಿಬ್ಬಗಳನ್ನು ಮತ್ತೆ ಮತ್ತೆ ಸರಿಸುವುದರಿಂದ, ಅದರಲ್ಲೂ ಹೊಳೆ ಕಡಲು ಸೇರುವ ಅಳಿವೆಯ ಸುತ್ತ, ಹೋದ ವರ್ಷದ ದಾರಿಯನ್ನು ಈ ವರ್ಷ ನಂಬುವಂತಿಲ್ಲ.

ಸೊಂಟಮಟ್ಟದ ನೀರಿನವರೆಗೆ ನಡೆದೇ ಹೋಗುವುದು ಲೇಸು. ಫಿನ್ ಧರಿಸಿ ಮುಂದಕ್ಕೆ ನಡೆದರೆ ಅದರ ತುದಿ ಮರಳಿಗೆ ಸಿಕ್ಕಿ ಮುಗ್ಗರಿಸುವ ಸಂಭವವಿರುವುದರಿಂದ, ಬರುವ ಅಲೆಯತ್ತ ಆಗಾಗ ಕತ್ತು ಹೊರಳಿಸುತ್ತ ಹಿಮ್ಮುಖವಾಗಿ ಹೆಜ್ಜೆ ಹಾಕುವುದು ರೂಢಿ. ಬಳಿಕ ಹಲಗೆಯ ಹಿಂದಂಚು ಸೊಂಟದ ಕೆಳಗೆ ಬರುವಂತೆ ಮಲಗಿ ಕಾಲು ಬಡಿಯಬೇಕು. ಫಿನ್‌ಗಳು ನೀರಿನಿಂದ ಮೇಲೆದ್ದು ಸದ್ದು ಮಾಡಿದರೆ ಆ ಬಡಿತದ ಬಹುಪಾಲು ಗಾಳಿಯಲ್ಲೇ ವ್ಯರ್ಥವಾಯಿತೆಂದು ತಿಳಿಯಬೇಕು.

ಎಷ್ಟು ಎಣಿಸಿ ಹೊರಟರೂ ಒಂದೆರಡು ಅಲೆಗಳು ಎದುರಾಗಿಯೇ ಆಗುತ್ತವೆ. ಚಿಕ್ಕ ನೊರೆಯಾದರೆ ತೋಳುಗಳ ಮೇಲೆ ಮೈಯೆತ್ತಿ ಅದನ್ನು ಕೆಳಗೆ ಹಾಯಲು ಬಿಡಬಹುದು; ದೊಡ್ಡದಾದರೆ ಬಾತುಕೋಳಿಯ ಮುಳುಗನ್ನು ಹೋಲುವ ಡಕ್ ಡೈವ್ ಬೇಕಾಗುತ್ತದೆ. ಒಡೆದ ಅಲೆಯ ಅಬ್ಬರ ಮೇಲ್ಮೈಯಲ್ಲಿ ಹೆಚ್ಚಾಗಿದ್ದು ಆಳಕ್ಕೆ ಹೋದಂತೆ ಕುಗ್ಗುವುದು ಈ ತಂತ್ರದ ಆಧಾರ. ಅಲೆ ಒಂದೆರಡು ಹಲಗೆಯುದ್ದದಷ್ಟು ಹತ್ತಿರ ಬಂದಾಗ ಮುಂಭಾಗದ ಎರಡು ಅಂಚುಗಳನ್ನು ಹಿಡಿದು, ತೋಳು ಚಾಚಿ ಮೂತಿಯನ್ನು ನೀರಿಗೆ ಒತ್ತಿ, ಹಿಂಭಾಗವನ್ನು ಒಂದು ಮೊಣಕಾಲಿನಿಂದ ಅದುಮಿ, ಇನ್ನೊಂದು ಕಾಲನ್ನು ಮೇಲೆತ್ತಿ ಮೈಯ ಭಾರದಿಂದ ಹಲಗೆಯನ್ನು ಮುಳುಗಿಸುತ್ತಾರೆ. ಅಲೆ ತಲೆಯ ಮೇಲೆ ಹಾಯುವಾಗ ಮೂತಿಯನ್ನು ಮೇಲಕ್ಕೆ ತಿರುಗಿಸಿದರೆ ಫೋಮಿನ ತೇಲುವ ಗುಣವೇ ಸವಾರರನ್ನು ಅಲೆಯ ಬೆನ್ನಿನಾಚೆಗೆ ಎತ್ತಿಬಿಡುತ್ತದೆ. ಬೇಗ ಮುಳುಗಿದವರು ಅಲೆ ಬರುವಷ್ಟರಲ್ಲಿ ಮೇಲೆದ್ದು ಪೆಟ್ಟು ತಿನ್ನುತ್ತಾರೆ, ತಡವಾಗಿ ಮುಳುಗಿದವರು ನೊರೆಯೊಡನೆ ದಡದತ್ತ ಉರುಳುತ್ತಾರೆ. ಹೆದರಿ ಹಲಗೆಯನ್ನು ಬಿಟ್ಟುಬಿಡುವುದು ಎರಡಕ್ಕಿಂತಲೂ ಕೆಟ್ಟದು. ಕೈಗೆ ಕಟ್ಟಿದ ಹಗ್ಗದ ಉದ್ದಕ್ಕೂ ಅದು ಹಿಂದಿರುವವರಿಗೆ ಬಡಿಯಬಲ್ಲುದು.

ಹೊರಹೋಗಲು ನೆರವಾಗುವ ಆ ಕಾಲುವೆಯ ಹರಿವೇ ಈಜು ಬಾರದವರನ್ನು ಸೆಳೆದೊಯ್ಯುವ ರಿಪ್ ಕರೆಂಟ್ ಎಂಬುದನ್ನು ಮರೆಯುವಂತಿಲ್ಲ. ಹಲಗೆ ಮತ್ತು ಫಿನ್‌ಗಳಿದ್ದರೂ ಅದರ ಎದುರು ನೇರವಾಗಿ ದಡದತ್ತ ಈಜುವುದು ವ್ಯರ್ಥ ಸಾಹಸ. ಹಲಗೆಯನ್ನು ಬಿಡದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಅಲೆಗಳು ಒಡೆಯುವ ದಿಬ್ಬದ ಕಡೆಗೆ ಬರಬೇಕು, ದಣಿದರೆ ಕೈಯೆತ್ತಿ ನೆರವು ಕೇಳಬೇಕು. ಹೀಗೆ ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ: ಹೋಗುವಾಗ ದೂರವಿಟ್ಟ ನೊರೆಯೇ ಮರಳುವಾಗ ದಡ ಮುಟ್ಟಿಸುವ ವಾಹನವಾಗುತ್ತದೆ. ಆದ್ದರಿಂದ ದಡದಲ್ಲಿ ನಿಂತು ಕಾಲುವೆಯನ್ನು ಹುಡುಕುವವರು ಅದರ ಪಕ್ಕದ ದಿಬ್ಬವನ್ನೂ ಗುರುತಿಟ್ಟುಕೊಂಡ ಮೇಲೆಯೇ ನೀರಿಗಿಳಿಯುವುದು ಸರಿಯಾದ ಕ್ರಮ.