ಎಚ್‌ಐವಿ ಮಾತ್ರೆಯಿಂದ ಕ್ಯಾನ್ಸರ್ ಬರುತ್ತದೆಯೇ? ಕತ್ತಿನ ಗಂಟನ್ನು ಏಕೆ ಕಡೆಗಣಿಸಬಾರದು?

ಎಆರ್‌ಟಿ ಮಾತ್ರೆ ತೆಗೆದುಕೊಳ್ಳುತ್ತಿರುವವರ ಕತ್ತಿನಲ್ಲೋ ಕಂಕುಳಲ್ಲೋ ಗಂಟು ಕಾಣಿಸಿಕೊಂಡರೆ ಮೂರು ಮಾತು ಕೇಳಿಬರುತ್ತವೆ. ‘ಮಾತ್ರೆಯಿಂದಲೇ ಹೀಗಾಗಿದೆ’, ‘ಟಿಬಿ ಇರಬೇಕು’, ‘ವೈರಸ್ ಹತೋಟಿಯಲ್ಲಿದೆ, ಏನೂ ಆಗದು’. ಮೊದಲನೆಯದು ತಪ್ಪು. ಎರಡನೆಯದು ಎಷ್ಟೋ ಬಾರಿ ನಿಜ. ಮೂರನೆಯದು ಅರ್ಧ ಸತ್ಯ. ಹೇಗೆಂದು ನೋಡೋಣ.

ಲಿಂಫೋಮಾ ಎಂದರೇನು?

ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಲ್ಲಿ ಲಿಂಫೋಸೈಟ್ ಒಂದು ಬಗೆ. ಇವು ಹಿಡಿತವಿಲ್ಲದೆ ಬೆಳೆದರೆ ಬರುವ ಕ್ಯಾನ್ಸರೇ ಲಿಂಫೋಮಾ. ಇದರಲ್ಲಿ ಹಾಡ್ಜ್‌ಕಿನ್ ಮತ್ತು ನಾನ್-ಹಾಡ್ಜ್‌ಕಿನ್ ಎಂಬ ಎರಡು ಮುಖ್ಯ ಗುಂಪುಗಳಿವೆ.

ಎಚ್‌ಐವಿ ಇದ್ದವರಿಗೆ ಅಪಾಯ ಹೆಚ್ಚೇಕೆ?

ಎಪ್‌ಸ್ಟೀನ್-ಬಾರ್ ಎಂಬ ವೈರಸ್ ಬಹುತೇಕ ವಯಸ್ಕರ ದೇಹದಲ್ಲಿ ಸದ್ದಿಲ್ಲದೆ ಇರುತ್ತದೆ. ಅದನ್ನು ಅಡಗಿಸಿಡುವುದು ನಮ್ಮ ರೋಗನಿರೋಧಕ ವ್ಯವಸ್ಥೆ. ಎಚ್‌ಐವಿಯಿಂದ ಸಿಡಿ4 ಕಣಗಳು ಕುಸಿದಾಗ ಈ ಕಾವಲು ಸಡಿಲವಾಗುತ್ತದೆ. ಜೊತೆಗೆ ಬಿ-ಲಿಂಫೋಸೈಟ್‌ಗಳು ಸದಾ ಉದ್ರೇಕದಲ್ಲಿದ್ದು ಪದೇ ಪದೇ ವಿಭಜನೆಯಾಗುತ್ತವೆ, ಆಗ ತಪ್ಪುಗಳಾಗುವ ಸಂಭವವೂ ಹೆಚ್ಚು.

ಮಾತ್ರೆ ಕಾರಣವಲ್ಲವೇ?

ಅಲ್ಲ, ಮಾತ್ರೆಯೇ ರಕ್ಷಣೆ. ಭಾರತವೂ ಸೇರಿ 35 ದೇಶಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ‘ಸ್ಟಾರ್ಟ್’ ಅಧ್ಯಯನದಲ್ಲಿ 4,685 ಮಂದಿ ಇದ್ದರು. ಸರಿಸುಮಾರು ಅರ್ಧದಷ್ಟು ಜನರಿಗೆ ತಕ್ಷಣ ಎಆರ್‌ಟಿ ಕೊಡಲಾಯಿತು, ಉಳಿದವರಿಗೆ ಸಿಡಿ4 ಇಳಿಯುವವರೆಗೆ ಕಾಯಲಾಯಿತು. ತಕ್ಷಣ ಆರಂಭಿಸಿದ ಗುಂಪಿನಲ್ಲಿ 3 ಮಂದಿಗೆ ಲಿಂಫೋಮಾ ಬಂದರೆ, ಕಾದ ಗುಂಪಿನಲ್ಲಿ 10 ಮಂದಿಗೆ ಬಂತು. 2017ರಿಂದ ನಮ್ಮ ದೇಶದಲ್ಲಿಯೂ ಸಿಡಿ4 ಎಷ್ಟೇ ಇರಲಿ, ಸೋಂಕು ದೃಢಪಟ್ಟ ಎಲ್ಲರಿಗೂ ಉಚಿತ ಎಆರ್‌ಟಿ ಕೊಡಲಾಗುತ್ತಿದೆ. ಗಂಟಿಗೆ ಹೆದರಿ ಮಾತ್ರೆ ನಿಲ್ಲಿಸಿದರೆ ಅಪಾಯ ಹೆಚ್ಚುತ್ತದೆ.

ಹಾಗಾದರೆ ಅಪಾಯವೇ ಇಲ್ಲವೇ?

ಇದೆ, ಆದರೆ ಮೊದಲಿಗಿಂತ ಬಹಳ ಕಡಿಮೆ. ಸಿಡಿ4 ತೀರಾ ಕುಸಿದಾಗ ಬರುವ ಮೆದುಳಿನ ಲಿಂಫೋಮಾ ಈಗ ಅಪರೂಪ. ಹಾಡ್ಜ್‌ಕಿನ್ ಮಾತ್ರ ಅಷ್ಟು ಇಳಿದಿಲ್ಲ. ವೈರಲ್ ಲೋಡ್ ಪತ್ತೆಯಾಗದಷ್ಟು ಕಡಿಮೆ ಇದ್ದರೂ, ಸಾಮಾನ್ಯ ಜನರಿಗಿಂತ ಅಪಾಯ ಹೆಚ್ಚೇ. ತಡವಾಗಿ ಚಿಕಿತ್ಸೆ ಆರಂಭಿಸಿದವರು ಮತ್ತು ನಡುವೆ ಮಾತ್ರೆ ಬಿಟ್ಟವರು ಹೆಚ್ಚು ಎಚ್ಚರವಾಗಿರಬೇಕು.

ಟಿಬಿಯೋ, ಲಿಂಫೋಮಾವೋ?

ಗೊಂದಲ ಹುಟ್ಟುವುದು ಇಲ್ಲೇ. ಜ್ವರ, ರಾತ್ರಿ ಬೆವರು, ತೂಕ ಇಳಿಕೆ, ಗಂಟು ಇವೆಲ್ಲ ಎರಡರಲ್ಲೂ ಕಾಣುತ್ತವೆ. ಎಚ್‌ಐವಿ ಇದ್ದವರಲ್ಲಿ ಟಿಬಿ ಸಾಮಾನ್ಯ, ಹಾಗಾಗಿ ಮೊದಲು ಅದನ್ನು ಅನುಮಾನಿಸುವುದು ಸರಿಯೇ. ಆದರೆ ಟಿಬಿ ಮಾತ್ರೆ ನುಂಗಿದರೂ ಗಂಟು ಬೆಳೆಯುತ್ತಲೇ ಇದ್ದರೆ ಸುಮ್ಮನೆ ಕಾಯಬಾರದು. ಸೂಜಿ ಪರೀಕ್ಷೆಯಲ್ಲಿ ಸಿಗುವುದು ಕೆಲವೇ ಕಣಗಳು. ಲಿಂಫೋಮಾ ಖಚಿತಪಡಿಸಲು ಸಾಮಾನ್ಯವಾಗಿ ಗಂಟನ್ನೇ ತೆಗೆದು ಬಯಾಪ್ಸಿ ಮಾಡಬೇಕು.

ಎಲ್ಲಿಗೆ ಹೋಗಬೇಕು?

ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರದಂಥ ಊರಿನವರಿಗೆ ಮೊದಲ ದಾರಿ ಚಿತ್ರದುರ್ಗ ಜಿಲ್ಲಾ ಆಸ್ಪತ್ರೆ. ಕ್ಯಾನ್ಸರ್ ಎಂದು ಖಚಿತವಾದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಕಡೆಗೆ ಹೋಗಬೇಕಾಗಬಹುದು. ಅಲ್ಲಿ ಎಚ್‌ಐವಿ ವಿಷಯವನ್ನು ವೈದ್ಯರಿಂದ ಮುಚ್ಚಿಡಬೇಡಿ. ಕೆಲವು ಎಆರ್‌ಟಿ ಔಷಧಿಗಳು, ಉದಾಹರಣೆಗೆ ರಿಟೋನಾವಿರ್, ಕಿಮೊಥೆರಪಿಯ ಅಡ್ಡಪರಿಣಾಮ ಹೆಚ್ಚಿಸಬಹುದು. ಗೊತ್ತಿದ್ದರೆ ವೈದ್ಯರು ಔಷಧಿ ಬದಲಿಸುತ್ತಾರೆ. ಊರಿಗೆ ತಿಳಿದೀತೆಂಬ ಅಂಜಿಕೆ ಸಹಜ. ಆದರೆ 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಚಿಕಿತ್ಸೆಯಲ್ಲಿ ತಾರತಮ್ಯ ಮಾಡುವಂತಿಲ್ಲ, ಒಪ್ಪಿಗೆಯಿಲ್ಲದೆ ವಿಷಯ ಬಯಲು ಮಾಡುವಂತೆಯೂ ಇಲ್ಲ. ಮಾಹಿತಿಗೆ 1097 ಉಚಿತ ಸಹಾಯವಾಣಿ ಇದೆ.

ನೆನಪಿಡಿ

ಎಚ್‌ಐವಿ ಇದ್ದವರ ಲಿಂಫೋಮಾಕ್ಕೂ ಇಂದು ಚಿಕಿತ್ಸೆ ಇದೆ. ಎಆರ್‌ಟಿ ಮುಂದುವರಿಸಿಕೊಂಡೇ ಕಿಮೊಥೆರಪಿ ಪಡೆದು ಗುಣವಾದವರಿದ್ದಾರೆ. ಗಂಟು ನಾಲ್ಕು ವಾರದಲ್ಲಿ ಕರಗದಿದ್ದರೆ, ಅಥವಾ ಬೇಗ ಬೆಳೆಯುತ್ತಿದ್ದರೆ, ನೋವಿಲ್ಲವೆಂದು ಸುಮ್ಮನಿರಬೇಡಿ. ಲಿಂಫೋಮಾದ ಗಂಟು ಹೆಚ್ಚಾಗಿ ನೋಯುವುದೇ ಇಲ್ಲ. ಮಾತ್ರೆ ಬಿಡದೆ ವೈದ್ಯರಿಗೆ ತೋರಿಸಿ.