ಪಾದದ ಮಾತಿಗೂ ಕಿವಿಗೊಡೋಣ



ಅಡಿಕೆ ಮರದ ಬುಡದಲ್ಲಿ ಅಣಬೆ ಎದ್ದರೆ ನಾವು ಗಾಬರಿಯಾಗುತ್ತೇವೆ. ಕಾಫಿ ಗಿಡಕ್ಕೆ ಕಾಂಡಕೊರಕ ಬಿದ್ದರೆ ಆ ರಾತ್ರಿ ನಿದ್ದೆಯಿಲ್ಲ. ಆದರೆ ನಮ್ಮದೇ ಪಾದವನ್ನು ಬಗ್ಗಿ ನೋಡಿ ಎಷ್ಟು ದಿನವಾಯಿತು? ನಿಪ್ಪಾಣಿ ಸೀಮೆಯ ಬೇಡಕಿಹಾಳದ ಗದ್ದೆಯಲ್ಲಿ ಕಬ್ಬಿನ ಕೂಳೆ ತುಳಿಯುವ ರೈತನಿಗೂ, ತೋಟದ ಕೆಸರಿನಲ್ಲಿ ನಿಲ್ಲುವ ನಮಗೂ ಕಾಲಿನ ಕಷ್ಟ ಒಂದೇ.

ಬೆರಳ ಸಂದಿ ಬೆಳ್ಳಗಾಗಿ, ತುರಿಸಿ, ಸುಲಿದರೆ ಅದು ಕೆಸರು ಹುಣ್ಣು. ಮಳೆಗಾಲದಲ್ಲಿ ದಿನವಿಡೀ ಗಂಬೂಟು ಹಾಕುವವರಿಗೂ ಇದು ತಪ್ಪದು. ಸಂಜೆ ಕಾಲು ತೊಳೆದು ಸಂದಿಗಳನ್ನು ಒಣಬಟ್ಟೆಯಿಂದ ಒರೆಸಬೇಕು. ವಾಸಿಯಾಗದಿದ್ದರೆ ವೈದ್ಯರು ಹೇಳಿದ ಮುಲಾಮು ಹಚ್ಚಬೇಕು. ತುರಿಕೆ ನಿಂತಿತೆಂದು ನಡುವೆ ಬಿಡಬಾರದು.

ಹಿಮ್ಮಡಿ ಒಡೆದರೆ ಮಲಗುವಾಗ ಕೊಬ್ಬರಿ ಎಣ್ಣೆ ಸವರಿ. ಬಿರುಕು ಆಳವಾಗಿ ರಕ್ತ ಬಂದರೆ ತಡಮಾಡದೆ ತೋರಿಸಿ. ಬೆಳಿಗ್ಗೆ ಎದ್ದು ಇಡುವ ಮೊದಲ ಹೆಜ್ಜೆಗೇ ಹಿಮ್ಮಡಿ ನೋಯುತ್ತಿದ್ದರೆ ಅಂಗಾಲಿನ ನಾರು ಬೇನೆಗೊಂಡಿರಬಹುದು. ಆಣಿಯನ್ನಂತೂ ಬ್ಲೇಡಿನಿಂದ ಕೆತ್ತಲೇಬೇಡಿ.

ಇವೆಲ್ಲ ನೋಯುತ್ತವೆ, ಅದರಿಂದಲೇ ನಮಗೆ ತಿಳಿಯುತ್ತವೆ. ನೋಯದ ಗಾಯ ಇವೆಲ್ಲಕ್ಕಿಂತ ಅಪಾಯಕರ. ಸಕ್ಕರೆ ಕಾಯಿಲೆಯಲ್ಲಿ ನರಗಳು ಸೋತಾಗ ಮುಳ್ಳು ಚುಚ್ಚಿದರೂ ಗೊತ್ತಾಗದು. ಕುಷ್ಠದಲ್ಲೂ ಹೀಗೆಯೇ. 1946ರಲ್ಲಿ ವೆಲ್ಲೂರಿಗೆ ಬಂದ ಡಾ. ಪಾಲ್ ಬ್ರಾಂಡ್ ಕುಷ್ಠರೋಗಿಗಳ ಪಾದವನ್ನು ಹೆಚ್ಚಾಗಿ ಕೆಡಿಸುವುದು ಅರಿವಿಗೆ ಬಾರದ ಪೆಟ್ಟು ಮತ್ತು ಒತ್ತಡ ಎಂದು ತೋರಿಸಿಕೊಟ್ಟರು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಕಣ್ಣು ಮುಚ್ಚಿ ಕುಳಿತುಕೊಳ್ಳಿ. ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಮನೆಯವರು ಮೆಲ್ಲಗೆ ಮುಟ್ಟಲಿ, ಒತ್ತುವುದು ಬೇಡ. ಈ 6 ಕಡೆಗಳಲ್ಲಿ 2 ಅಥವಾ ಹೆಚ್ಚು ಕಡೆ ಮುಟ್ಟಿದ್ದು ತಿಳಿಯದಿದ್ದರೆ ವೈದ್ಯರಲ್ಲಿಗೆ ಹೋಗಿ. ಸ್ಪರ್ಶವಿಲ್ಲದ ತಿಳಿ ಬಣ್ಣದ ಮಚ್ಚೆಯಿದ್ದರೆ ಮುಚ್ಚಿಡಬೇಡಿ. ಕುಷ್ಠಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಔಷಧಿಯಿದೆ. 6 ಅಥವಾ 12 ತಿಂಗಳು ಬಿಡದೆ ನುಂಗಿದರೆ ರೋಗ ಗುಣವಾಗುತ್ತದೆ.

ಪಾದದ ಸ್ಪರ್ಶ ಕಡಿಮೆಯಾದವರು ಬರಿಗಾಲಲ್ಲಿ ನಡೆಯಬಾರದು. ಕೊಲ್ಲಾಪುರಿ ಎಂಬ ಹೆಸರಿದ್ದರೂ ನಿಪ್ಪಾಣಿ, ಅಥಣಿಗಳಲ್ಲೂ ಹೊಲಿಯುವ ಚರ್ಮದ ಚಪ್ಪಲಿ ಬಹಳ ಗಟ್ಟಿಮುಟ್ಟು. ಆದರೆ ಮರಗಟ್ಟಿದ ಕಾಲಿಗೆ ಅದರ ಗಡಸು ಅಟ್ಟೆ ಹೊಂದದು. ಮೆತ್ತನೆಯ ರಬ್ಬರಿನ ಅಟ್ಟೆ, ಹಿಂದೆ ಪಟ್ಟಿ ಇರುವಂಥದು ಬೇಕು. ಸಂಜೆ ಪಾದ ಸ್ವಲ್ಪ ಊದಿರುತ್ತದಾದ್ದರಿಂದ ಅಳತೆಯನ್ನು ಆಗಲೇ ನೋಡಿ ಕೊಳ್ಳಿ. ಬಿಸಿನೀರಿಗೆ ಕಾಲಿಡುವ ಮೊದಲು ಮೊಳಕೈ ಅದ್ದಿ ನೋಡಿ. ಗಾಯ ಕಪ್ಪಾದರೆ, ನಾತ ಬಂದರೆ, ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಹೊರಡಿ.

ಸಂಜೆ ಕಾಲು ತೊಳೆಯುವುದು ನಮ್ಮ ಹಿರಿಯರ ರೂಢಿ. ಅದರ ಜೊತೆಗೆ ದೀಪದ ಬೆಳಕಿನಲ್ಲಿ ಅಂಗಾಲನ್ನೂ ಒಮ್ಮೆ ನೋಡುವ ರೂಢಿ ಮಾಡಿಕೊಳ್ಳೋಣ. ಬಗ್ಗಲಾಗದವರು ನೆಲಕ್ಕೊಂದು ಕನ್ನಡಿ ಇಟ್ಟುಕೊಂಡರೆ ಸಾಕು.