ಎರಡು ಹೆಬ್ಬೆರಳಿನ ಕೈಗವಸು

ಐಸ್‌ಲ್ಯಾಂಡಿನ ಹೆಣಿಗೆ ಎಂದರೆ ಕೊರಳ ಸುತ್ತ ಚಿತ್ತಾರವಿರುವ ಸ್ವೆಟರ್ ಎಂದೇ ಹೆಚ್ಚಿನವರ ಭಾವನೆ. ಆ ಸ್ವೆಟರ್ ಬಂದದ್ದು 20ನೇ ಶತಮಾನದಲ್ಲಿ. ಹೆಣಿಗೆ ಆ ದ್ವೀಪಕ್ಕೆ ಕಾಲಿಟ್ಟದ್ದು 16ನೇ ಶತಮಾನದಲ್ಲೇ. ಅಲ್ಲಿನವರ ಜಾಣ್ಮೆಯನ್ನು ನೋಡಬೇಕಾದದ್ದು ಮೀನುಗಾರರ ಕೈಗವಸಿನಲ್ಲಿ. ನಾಲ್ಕು ಬೆರಳಿಗೂ ಒಂದೇ ಚೀಲ, ಎರಡೂ ಪಕ್ಕಕ್ಕೆ ಒಂದೊಂದು ಹೆಬ್ಬೆರಳು. ಹುಟ್ಟು ಹಾಕಿ, ಹಗ್ಗ ಎಳೆದು ಅಂಗೈ ಭಾಗ ಸವೆದರೆ ಗವಸನ್ನು ತಿರುಗಿಸಿ ತೊಟ್ಟರಾಯಿತು. ಸವೆಯದ ಬದಿ ಅಂಗೈಗೆ ಬರುತ್ತದೆ. ಒಂದು ಹೆಬ್ಬೆರಳಿನಷ್ಟು ನೂಲು ಹೆಚ್ಚು ಖರ್ಚಾದರೂ ಗವಸಿನ ಬಾಳಿಕೆ ಹೆಚ್ಚುತ್ತದೆ. ಇಲ್ಲಿ ಅಂದವೆಲ್ಲ ದುಡಿಮೆಯ ಅಗತ್ಯದಿಂದಲೇ ಮೂಡಿದೆ.

ನೀರು ಕುಡಿಯುವ ಉಣ್ಣೆ ಕಡಲಲ್ಲಿ ಏತಕ್ಕೆ ಬಂತು ಎಂದು ಯಾರಾದರೂ ಕೇಳಬಹುದು. ಉತ್ತರ ಅಲ್ಲಿನ ಕುರಿಯ ಮೈಮೇಲಿದೆ. ಅದರ ತುಪ್ಪಳಕ್ಕೆ ಎರಡು ಪದರ: ಹೊರಗಿನ ಉದ್ದನೆಯ ಒರಟು ಕೂದಲು ನೀರನ್ನು ಜಾರಿಸುತ್ತದೆ, ಒಳಗಿನ ನಯವಾದ ಎಳೆ ಗಾಳಿಯನ್ನು ಹಿಡಿದು ಬೆಚ್ಚಗಿಡುತ್ತದೆ. ಗವಸನ್ನು ಕೈಗಿಂತ ದೊಡ್ಡದಾಗಿ ಹೆಣೆದು, ನೀರಲ್ಲಿ ಚೆನ್ನಾಗಿ ಉಜ್ಜಿ ಕುಗ್ಗಿಸುತ್ತಿದ್ದರು. ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಕಣ್ಣುಗಳು ಮುಚ್ಚಿಹೋಗುತ್ತಿದ್ದವು. ಒದ್ದೆಯಾದರೂ ಉಣ್ಣೆ ತನ್ನ ಬಿಸುಪನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ.

ರಬ್ಬರ್ ಗ್ಲೌಸ್ ಬಂದಮೇಲೆ ಇದೆಲ್ಲ ಏಕೆ ಎಂಬ ಮಾತೂ ಇದೆ. ದೋಣಿಗೆ ರಬ್ಬರೇ ಮೇಲು, ನಿಜ. ಆದರೆ ಸವೆಯುವುದನ್ನು ಮೊದಲೇ ಲೆಕ್ಕಹಾಕಿ ವಸ್ತು ತಯಾರಿಸುವ ಈ ವಿವೇಕ ಬಳಸಿ ಬಿಸಾಡುವ ನಮ್ಮ ಕಾಲಕ್ಕೆ ತುರ್ತಾಗಿ ಬೇಕು. ಹೆಣಿಗೆ ಬಲ್ಲವರು ದಯವಿಟ್ಟು ಒಂದು ಜೊತೆ ಹೆಣೆದು ನೋಡಿ. ಕುಗ್ಗದಂತೆ ಸಂಸ್ಕರಿಸಿದ ಉಣ್ಣೆ ಮಾತ್ರ ಬೇಡ, ಅದು ಎಷ್ಟು ಉಜ್ಜಿದರೂ ಬಿಗಿಯಾಗುವುದಿಲ್ಲ.